ಬೀಗರ ತೋಟದ ತೂಬು

ನಮ್ಮೂರ ಶಾಲೆಯಲ್ಲಿ ನೀತಿಪಾಠ ಹೇಳುತ್ತಿದ್ದ ಕಲ್ಮುರಾತ್‌ಗೆ ಪಠ್ಯಪುಸ್ತಕದ ರೈಲಿನಿಂದ ಬಹಳ ತೊಂದರೆಯಾಗಿತ್ತು. ಪುಸ್ತಕದಲ್ಲಿ ಹಿಡಿತ ತಪ್ಪಿದ ರೈಲೊಂದು ಓಡಿ ಬರುತ್ತಿರುತ್ತದೆ. ಒಂದು ಹಳಿಯ ಮೇಲೆ ಐದು ಜನ, ಇನ್ನೊಂದರ ಮೇಲೆ ಒಬ್ಬ. ಹಳಿ ಬದಲಿಸುವ ಸಲಾಕೆ ನಿನ್ನ ಕೈಯಲ್ಲಿದೆ, ಏನು ಮಾಡುತ್ತೀ? ಬೆಟ್ಟಗಳ ನಡುವಿನ ಬಾತ್ಕೆನ್ ಸೀಮೆಯ ನಮ್ಮ ಮಕ್ಕಳು ರೈಲನ್ನೇ ಕಂಡವರಲ್ಲ. "ಆ ಐದು ಜನಕ್ಕೂ ಕಿವಿ ಕೇಳ್ಸಲ್ವಾ ಆಗಾಯ್?" ಎಂದು ಒಬ್ಬ ಕೇಳಿದ. ನಮ್ಮಲ್ಲಿ ಮೇಷ್ಟರನ್ನು ಆಗಾಯ್ ಎನ್ನುವುದು ರೂಢಿ. "ಡ್ರೈವರ್ ಕುಡಿದಿದ್ನಾ?" ಎಂದು ಇನ್ನೊಬ್ಬ ಕೇಳಿದ. ತನ್ನ ಮಾವನ ಟ್ರ್ಯಾಕ್ಟರನ್ನು ಹಳಿಗೆ ಅಡ್ಡ ನಿಲ್ಲಿಸಬಹುದೆಂದು ಒಬ್ಬಳು ಸಲಹೆ ಕೊಟ್ಟಳು. ಹೀಗೆ ತರಗತಿ ಮುಗಿಯುವಷ್ಟರಲ್ಲಿ ಆರೂ ಜನ ಬದುಕಿಕೊಂಡು, ನೀತಿಯೊಂದೇ ಹಳಿ ಪಕ್ಕ ಬಿದ್ದಿರುತ್ತಿತ್ತು.

ಕೊನೆಗೆ ಕಲ್ಮುರಾತ್ ರೈಲನ್ನು ಕೈಬಿಟ್ಟು ಕೆಸರುಹೊಳೆಯನ್ನು ತಂದ. ಅದನ್ನು ನೋಡದವರು ಊರಲ್ಲಿ ಯಾರೂ ಇರಲಿಲ್ಲ. ಬೆಟ್ಟದ ತುದಿಯಲ್ಲಿ ಮಳೆ ಸುರಿದರೆ ಸಾಕು, ಕೆಳಗೆ ಬಿಸಿಲು ಕಾಯುತ್ತಿರುವಾಗಲೇ ಕಲ್ಲು, ಮಣ್ಣು, ಬೇರು ಸಮೇತ ಕಿತ್ತ ಮರ ಎಲ್ಲವನ್ನೂ ಉರುಳಿಸಿಕೊಂಡು ಹಳ್ಳ ಇಳಿದು ಬರುತ್ತದೆ. "ತೂಬಿನ ಚಕ್ರ ನಿಮ್ಮ ಕೈಲಿದೆ. ಸುಮ್ನೆ ಬಿಟ್ರೆ ಐದು ಮನೆ ಹೋಗತ್ತೆ, ತಿರುಗಿಸಿದ್ರೆ ಒಂದು. ಏನ್ಮಾಡ್ತೀರಿ?" ಈಗ ಮಕ್ಕಳು ಒಬ್ಬರಿಗೊಬ್ಬರು ಜಗಳಕ್ಕೆ ಬಿದ್ದರು. ಕಲ್ಮುರಾತ್‌ಗೆ ಬೇಕಾದದ್ದೂ ಅದೇ.

ಸಂಜೆ ಅವನು ಅದೇ ಪ್ರಶ್ನೆಯನ್ನು ಚಹಾದಂಗಡಿಗೂ ತರುತ್ತಿದ್ದ. ಹಿಪ್ಪುನೇರಳೆ ಮರದ ಕೆಳಗಿನ ಮಂಚದ ಮೇಲೆ ಕಾಲು ಮಡಚಿ ಕೂತ ಗಂಡಸರು ಮಕ್ಕಳಿಗಿಂತ ಕಡೆ. ಹಿಂದೊಮ್ಮೆ, ಮರುಭೂಮಿಯಲ್ಲಿ ಇಬ್ಬರ ನಡುವೆ ಒಂದೇ ಬಟ್ಟಲು ನೀರು ಉಳಿದಿದೆ, ಯಾರು ಕುಡಿಯಬೇಕು ಎಂದು ಅವನು ಕೇಳಿದ್ದಕ್ಕೆ ಚಹಾದಂಗಡಿಯವನು, "ನಮ್ಮ ಕಡೆಯೋರಾದ್ರೆ ನೀವು ಕುಡೀರಿ, ಇಲ್ಲ ನೀವು ಕುಡೀರಿ ಅಂತ ಉಪಚಾರ ಮಾಡ್ತಾ ಇರೋ ಹೊತ್ಗೆ ನೀರು ಆವಿಯಾಗಿರತ್ತೆ" ಎಂದಿದ್ದ.

ತೂಬಿನ ಪ್ರಶ್ನೆ ಬಂದ ದಿನ ಊರಿನ ನೀರುಗಂಟಿ ಎರ್ಗೆಶ್ ಕೂಡ ಅಲ್ಲೇ ಇದ್ದ. ಹದಿನಾರು ಸಂಸಾರಗಳ ತೋಟಗಳಿಗೆ ಸರದಿಯ ಪ್ರಕಾರ ನೀರು ಬಿಡುವವನು ಅವನು. ಕಲ್ಮುರಾತನ ಬಾಲ್ಯದ ಗೆಳೆಯ; ಮೇಲಾಗಿ ಬೀಗ. ಕಲ್ಮುರಾತನ ಮಗಳನ್ನೇ ಅವನು ಮಗನಿಗೆ ತಂದುಕೊಂಡಿದ್ದ.

"ಆ ಒಬ್ಬ ಯಾರು ಅಂತ ಮೊದ್ಲು ಹೇಳಿ ಆಗಾಯ್, ಲೆಕ್ಕ ಆಮೇಲೆ" ಎಂದ ಪಾಜಿಲ್. ಮೇಲಿನ ಬೀದಿಯ ಐದು ಮನೆಗಳಲ್ಲಿ ನೀಲಿ ಗೇಟಿನದು ಅವನದು. ಬೀದಿಯ ಪರವಾಗಿ ಮಾತಾಡುವ ಕೆಲಸವನ್ನು ಯಾರೂ ಕೊಡದಿದ್ದರೂ ಅವನೇ ವಹಿಸಿಕೊಂಡಿದ್ದ.

"ಯಾರೂ ಅಲ್ಲಪ್ಪಾ. ಒಬ್ಬ ಮನುಷ್ಯ ಅಷ್ಟೆ."

"ನಮ್ಮೂರಲ್ಲಿ ಯಾರೂ ಅಲ್ಲದ ಮನುಷ್ಯ ಎಲ್ಲಿದಾನೆ? ಯಾರಿಗಾದ್ರೂ ಬೀಗ ಆಗೇ ಆಗಿರ್ತಾನೆ." ಪಾಜಿಲ್ ಚಹಾ ಹೀರಿ ಎರ್ಗೆಶನ ಕಡೆ ನೋಡಿದ. "ಬೀಗ ಆಗಿದ್ರೆ ಹೊಳೆ ಎಲ್ಲಿಗೆ ಹೋಗತ್ತೆ ಅಂತ ನಮ್ಗೆಲ್ಲ ಗೊತ್ತು. ನಮ್ಮ ಸರದಿ ದಿನಾನೂ ಕೆಲವರ ತೋಟದ ಮಣ್ಣು ಒದ್ದೆ ಇರತ್ತಲ್ಲ, ಹಂಗೆ."

ಎಲ್ಲರೂ ನಕ್ಕರು. ಕಲ್ಮುರಾತನೂ ನಕ್ಕ. ಅವನ ತೋಟ ಕಾಲುವೆಯ ತಗ್ಗಿನಲ್ಲಿದ್ದುದರಿಂದ, ತೂಬು ಮುಚ್ಚಿದರೂ ಒಳಗಿಂದೊಳಗೆ ಜಿನುಗಿ ಮಣ್ಣು ಒದ್ದೆಯಾಗಿರುತ್ತಿತ್ತು. ಎರ್ಗೆಶ್ ಇದನ್ನು ಎರಡು ಸಲ ವಿವರಿಸಿದ್ದ. ವಿವರಿಸಿದಷ್ಟೂ ಜನರಿಗೆ ಅನುಮಾನ ಹೆಚ್ಚುತ್ತದೆಂದು ಗೊತ್ತಾದ ಮೇಲೆ ಸುಮ್ಮನಿದ್ದ. ಆ ಸಂಜೆ ರೊಟ್ಟಿ ಮುರಿದು, ತಿನ್ನದೆ ಬಟ್ಟಲ ಪಕ್ಕದಲ್ಲೇ ಬಿಟ್ಟ.

ಜೂನ್ ಮುಗಿಯುತ್ತಿತ್ತು. ಊರ ಚಪ್ಪಟೆ ಸೂರುಗಳ ಮೇಲೆಲ್ಲ ಜರ್ದಾಳು ಹಣ್ಣು ಒಣಗುತ್ತಿತ್ತು. ಒಂದು ಬುಧವಾರ ಮಧ್ಯಾಹ್ನ ಎರ್ಗೆಶ್ ಕಾಲುವೆಯ ಕವಲಿನಲ್ಲಿ ಕೂತು ಗುದ್ದಲಿಗೆ ಹೊಸ ಕಾವು ಹಾಕುತ್ತಿದ್ದಾಗ, ಮೇಲಿನ ಹುಲ್ಲುಗಾವಲಿನಿಂದ ಕುರಿಗಾಹಿಯೊಬ್ಬ ಫೋನು ಮಾಡಿದ. ಹಿರಿಯರನ್ನು ಬಾಯ್ಕೆ ಎನ್ನುವುದು ನಮ್ಮ ಕಡೆಯ ಮರ್ಯಾದೆ.

"ಬಾಯ್ಕೆ, ಎಲ್ಲಿದೀರಿ? ಇಳೀತಿದೆ. ಈ ಸಲದ್ದು ದೊಡ್ಡದು. ನನ್ನ ಎರಡು ಕುರಿ ಹೋದ್ವು."

"ಬಂಡೆ ದಾಟ್ತಾ?"

"ಆಗ್ಲೇ ದಾಟ್ತು."

ಹಳ್ಳದ ಹಳೆಯ ದಾರಿಗೆ ಸಾಮೂಹಿಕ ಬೇಸಾಯದ ಕಾಲದಲ್ಲೇ ಒಡ್ಡು ಕಟ್ಟಿ, ಬಂದ ನೀರೆಲ್ಲ ಕಾಲುವೆಗೆ ಬೀಳುವಂತೆ ಮಾಡಿದ್ದರು. ಕವಲಿನಲ್ಲಿ ಒಂದೇ ಕಬ್ಬಿಣದ ಹಲಗೆ, ಒಂದೇ ಚಕ್ರ. ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ತೆರೆದುಕೊಳ್ಳುತ್ತದೆ. ಬಲಕ್ಕೆ ಮೇಲಿನ ಬೀದಿಯ ಐದು ಮನೆ. ಎಡಕ್ಕೆ ಕಲ್ಮುರಾತನ ತೋಟ, ತೋಟದ ನಡುವೆ ಮನೆ. ಅಂದು ಬೀದಿಯ ಸರದಿ, ಹಲಗೆ ಬಲಕ್ಕೆ ತೆರೆದಿತ್ತು.

ಎದ್ದು ನಿಂತಾಗ ಎರ್ಗೆಶನ ಕಾಲಡಿಯ ನೆಲ ಸಣ್ಣಗೆ ನಡುಗಿತು. ಆಮೇಲೆ ಸದ್ದು ಕೇಳಿಸಿತು. ಅವನು ಬೀದಿಯ ಕಡೆ ನೋಡಿದ. ಅಲ್ಲಿ ಮಕ್ಕಳಿದ್ದವು, ಮುದುಕರಿದ್ದರು, ಊಟ ಮಾಡಿ ಮಲಗುವ ಹೊತ್ತು. ಇದೆಲ್ಲ ಅವನಿಗೆ ಗೊತ್ತಿತ್ತು. ಆದರೆ ಕಣ್ಣು ಹೋಗಿ ನಿಂತದ್ದು ನೀಲಿ ಗೇಟಿನ ಮೇಲೆ. ಸುಮ್ಮನೆ ಬಿಟ್ಟರೆ ನಾಳೆ ಏನನ್ನುತ್ತಾರೆ ಎನ್ನುವುದು ಅವನಿಗೆ ಪಾಜಿಲನ ದನಿಯಲ್ಲೇ ಕೇಳಿಸಿತು: ನೋಡಿದ್ರಾ, ಬೀಗರ ಕಡೆ ಮುಚ್ಚಿಟ್ಕೊಂಡಿದ್ದ.

ಚಕ್ರಕ್ಕೆ ಕೈ ಹಾಕಿ ತಿರುಗಿಸಿದ. ಅದು ಅಷ್ಟು ಸಲೀಸಾಗಿ ತಿರುಗಿತು. ವಸಂತದಲ್ಲಿ ಅವನೇ ಗ್ರೀಸು ಹಚ್ಚಿದ್ದ. ಹಲಗೆ ಬಲಗಡೆಯನ್ನು ಮುಚ್ಚಿ ಕೂತ ಮೇಲೆ, ಇವತ್ತು ಬುಧವಾರ, ಕಲ್ಮುರಾತನ ಹೆಂಡತಿ ಉಲ್ಕಾನ್ ಸಂತೆಗೆ ಹೋಗಿರುತ್ತಾಳೆ, ಅವನು ಶಾಲೆಯಲ್ಲಿದ್ದಾನೆ, ಮನೆಯಲ್ಲಿ ಯಾರೂ ಇಲ್ಲ ಎಂದುಕೊಂಡ. ಮೊದಲು ತಿರುಗಿಸಿ ಆಮೇಲೆ ಹೀಗೆ ಅಂದುಕೊಂಡದ್ದು. ಈ ಹಿಂದುಮುಂದನ್ನು ಅವನು ಯಾರಿಗೂ ಹೇಳಲಿಲ್ಲ, ಆದರೆ ಅವನಿಗೆ ಮರೆಯಲೂ ಆಗಲಿಲ್ಲ.

ಉಲ್ಕಾನ್ ಸಂತೆಗೆ ಹೋಗಿರಲಿಲ್ಲ. ಸೂರಿನ ಮೇಲೆ ಜರ್ದಾಳು ತಿರುವಿ ಹಾಕುತ್ತಿದ್ದಳು. ಅದೇ ಅವಳ ಪುಣ್ಯ. ಕೆಸರುಹೊಳೆ ಅಂಗಳದ ಗೋಡೆಯನ್ನು ಕೆಡವಿ, ಕೊಟ್ಟಿಗೆ, ಒಲೆ, ಮನೆಯ ಎರಡು ಕೋಣೆಗಳನ್ನು ಮುರಿದುಕೊಂಡು ಹೋಗುವಷ್ಟು ಹೊತ್ತೂ ಅವಳು ಉಳಿದ ಮೂರನೇ ಕೋಣೆಯ ಮೇಲೆ ಹಣ್ಣಿನ ನಡುವೆ ಕೂತಿದ್ದಳು. ಸಂಜೆ ಟ್ರ್ಯಾಕ್ಟರಿನ ಬುಟ್ಟಿಯಲ್ಲಿ ಕೂರಿಸಿ ಅವಳನ್ನು ಇಳಿಸಿದರು. ಊರೆಲ್ಲ ನೆರೆದಿತ್ತು. ಎರ್ಗೆಶ್ ಮುಂದೆ ಬಂದು ಕೈ ಹಿಡಿದ. ಅವಳು ಮಂಡಿಯ ಮಣ್ಣು ಕೊಡವಿಕೊಂಡು ಅವನನ್ನು ನೋಡಿ, "ಬೀಗರೇ, ನಮ್ಮ ನೀರಿನ ಸರದಿ ಗುರುವಾರ ಅಲ್ವಾ?" ಎಂದಳು.

ಭಯದಲ್ಲಿ ಬಿಗಿದುಕೊಂಡಿದ್ದ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ಮಾತು ರಾತ್ರಿಯೊಳಗೆ ಪಕ್ಕದ ಮೂರು ಊರು ಮುಟ್ಟಿತು.

ಮರುದಿನವೇ ಊರಿಗೆ ಊರೇ ಗುದ್ದಲಿ ಹಿಡಿದು ಬಂತು. ಯಾರದ್ದಾದರೂ ಮನೆ ಬಿದ್ದರೆ ಕರೆಯದೆ ಬಂದು ದುಡಿಯುವುದು ನಮ್ಮಲ್ಲಿ ನಡೆದುಕೊಂಡು ಬಂದದ್ದು. ಮಧ್ಯಾಹ್ನ ಕೆಸರಿನ ಅಂಚಿನಲ್ಲಿ ದೊಡ್ಡ ಕಡಾಯಿಯಲ್ಲಿ ಪಲಾವ್ ಬೆಂದಿತು. ಎಲ್ಲರೂ ಕೂತ ಮೇಲೆ ಹಿರಿಯರೊಬ್ಬರು ಎರ್ಗೆಶನ ಕಡೆ ನೋಡಿ, ಕಲ್ಮುರಾತನ ಕಡೆ ನೋಡಿ, ಕೆಮ್ಮಿದರು.

ಕಲ್ಮುರಾತನೇ ಮಾತು ತೆಗೆದ. "ಯಾಕೆ ಎಲ್ಲಾ ಹೆಣ ಇಟ್ಕೊಂಡೋರ ಥರ ಕೂತಿದೀರಿ? ಒಂದು ಕಡೆ ಐದು ಮನೆ, ಒಂದು ಕಡೆ ಒಂದು. ನನ್ನ ತರಗತಿಲಿ ಏಳನೇ ಇಯತ್ತೆ ಹುಡುಗ್ರೂ ಸರಿಯಾಗಿ ಹೇಳ್ತಾರೆ. ನಮ್ಮ ನೀರುಗಂಟಿ ಒಬ್ನೇ ನನ್ನ ಪಾಠಾನ ಕೈಯಾರೆ ಮಾಡಿ ತೋರಿಸಿದ್ದು. ನಾನೂ ಅದನ್ನೇ ಮಾಡ್ತಿದ್ದೆ." ಆಮೇಲೆ ಎರ್ಗೆಶನ ತಟ್ಟೆಗೆ ಒಂದು ತುಂಡು ಮಾಂಸ ಹಾಕಿ, "ತಿನ್ನೋ, ನಿನ್ನ ಮುಖ ನೋಡಿದ್ರೆ ಮನೆ ನಿಂದೇ ಹೋದ ಹಂಗಿದೆ" ಎಂದ.

ಎರ್ಗೆಶ್ ತಿಂದ. ಕಲ್ಮುರಾತ್ ಬೈದಿದ್ದರೆ ವಾಸಿಯಿತ್ತು. ಗೆಳೆಯ ಅವನಿಗೆ ಕೊಟ್ಟದ್ದು ಬೇರೆ ಯಾರಿಗೋ ಸಲ್ಲಬೇಕಾದ ಕ್ಷಮೆ. ಐದು ಮತ್ತು ಒಂದನ್ನು ತೂಗಿ ನೋಡಿ, ನೋವಿನಿಂದ ಚಕ್ರ ತಿರುಗಿಸಿದ ಒಬ್ಬ ಎರ್ಗೆಶನನ್ನು ಕಲ್ಮುರಾತ್ ತಾನೇ ಕಲ್ಪಿಸಿಕೊಂಡಿದ್ದ. ಅಂಥವನು ಕವಲಿನಲ್ಲಿ ಅಂದು ಇರಲಿಲ್ಲ. ಅವತ್ತೇ ಹೇಳಿಬಿಡಬೇಕಿತ್ತು. ಜನ ಇದ್ದಾರೆ ಎಂದು ಸುಮ್ಮನಾದ. ಜನ ಹೋದ ಮೇಲೆ, ಗೆಳೆಯ ದಣಿದಿದ್ದಾನೆ ಎಂದು ಸುಮ್ಮನಾದ. ಆಮೇಲಿನ ದಿನಗಳಲ್ಲಿ ಮುರಿದ ಮರ ಕಡಿಯುವುದಕ್ಕೆ, ಕೆಸರು ಹೊರುವುದಕ್ಕೆ ಎಲ್ಲರಿಗಿಂತ ಮೊದಲು ಬಂದು ಎಲ್ಲರಿಗಿಂತ ಕೊನೆಗೆ ಹೋದ. ಜನ ಅದನ್ನೂ ಹೊಗಳಿದರು.

ಆಗಸ್ಟಿನಲ್ಲಿ ಯಾರೂ ನೆನೆಸದ ಸಂಗತಿ ನಡೆಯಿತು. ಬಂದು ನೋಡಿಕೊಂಡು ಹೋಗಿದ್ದ ಸರ್ಕಾರದವರು ನಿಜವಾಗಿಯೂ ಮತ್ತೆ ಬಂದರು. ಇಟ್ಟಿಗೆ ಬಂತು, ಹಸಿರು ತಗಡು ಬಂತು, ಎರಡು ಪದರದ ಗಾಜಿನ ಕಿಟಕಿ ಬಂತು. ಕಲ್ಮುರಾತನ ಮಣ್ಣಿನ ಮನೆಯ ಬದಲು, ಕವಲಿಗಿಂತ ಎತ್ತರದ ಜಾಗದಲ್ಲಿ, ನಾಲ್ಕು ಕೋಣೆಯ ಮನೆ ಎದ್ದು ನಿಂತಿತು. ಮೇಲಿನ ಬೀದಿಯವರು ಬೆಳಗ್ಗೆ ಹಸು ಅಟ್ಟಿಕೊಂಡು ಹೋಗುವಾಗ ಅದನ್ನು ನೋಡುತ್ತಿದ್ದರು, ಸಂಜೆ ವಾಪಸು ಬರುವಾಗಲೂ ನೋಡುತ್ತಿದ್ದರು.

ಒಂದು ದಿನ ಐದೂ ಮನೆಯ ಗಂಡಸರು ಎರ್ಗೆಶನ ಅಂಗಳಕ್ಕೆ ಬಂದರು. ಅವನ ಹೆಂಡತಿ ಅನಾರ್ಕಾನ್ ಚಹಾ ತಂದಿಟ್ಟಳು. ಸ್ವಲ್ಪ ಹೊತ್ತು ದನಕರುಗಳ ಆರೋಗ್ಯ, ಹುಲ್ಲಿನ ಬೆಳೆ ಎಲ್ಲ ವಿಚಾರಿಸಿದ ಮೇಲೆ ಪಾಜಿಲ್ ಗಂಟಲು ಸರಿಮಾಡಿಕೊಂಡ.

"ಬಾಯ್ಕೆ, ತಪ್ಪು ತಿಳ್ಕೋಬೇಡಿ. ನೀವು ನಮ್ಮನ್ನ ಉಳಿಸಿದ್ರಿ, ನಿಜ. ಆದ್ರೆ ಒಂದು ಮಾತು ಕೇಳಿ ಉಳಿಸಬಹುದಿತ್ತಲ್ಲ."

"ಏನು ಕೇಳ್ಬೇಕಿತ್ತು?"

"ಅಲ್ಲ, ನಮ್ಮ ಬೀದಿ ಮೋರಿ ಆಳ ಇದೆ. ಅರ್ಧ ನೀರು ಅದರಲ್ಲೇ ಹೋಗ್ತಿತ್ತು. ಹೆಚ್ಚಂದ್ರೆ ನಮ್ಮ ಹೊಸ್ತಿಲ ತನಕ ಬರ್ತಿತ್ತು, ಕೊಟ್ಟಿಗೆ ಬೀಳ್ತಿತ್ತು. ಕೊಟ್ಟಿಗೆ ಹೆಂಗೂ ಬೀಳೋ ಥರಾನೇ ಇತ್ತು."

"ನಮ್ಮ ಮನೆ ಹಿಂದಿನ ಗೋಡೆನೂ" ಎಂದ ಇನ್ನೊಬ್ಬ.

"ಈಗ ನೋಡಿ, ಬೀಗರಿಗೆ ತಗಡಿನ ಮನೆ, ನಮಗೆ ಅದೇ ಇಲಿ ಬಿಲ" ಎಂದ ಪಾಜಿಲ್. "ಕೊನೆಗೂ ಲಾಭ ಎಲ್ಲಿಗೆ ಹೋಯ್ತು, ನೋಡಿದ್ರಾ?"

ಬಾಗಿಲ ಬಳಿ ನಿಂತಿದ್ದ ಅನಾರ್ಕಾನ್ ತಡೆಯಲಾರದೆ, "ಸರಿ ಹಾಗಾದ್ರೆ, ಮುಂದಿನ ಸಲ ನಿಮ್ಮ ಕಡೆಗೇ ಬಿಡಿಸ್ತೀನಿ. ಹಾಸಿಗೆ ಹಾಸ್ಕೊಂಡು ಮಲಗಿರಿ" ಎಂದಳು.

"ಅಷ್ಟೂ ಅಲ್ಲಮ್ಮ," ಎಂದ ಪಾಜಿಲ್ ಗಂಭೀರವಾಗಿ, "ಸ್ವಲ್ಪ. ಮಂಡಿ ಮಟ್ಟ."

ಬಂದು ಹೋದ ಪ್ರವಾಹವನ್ನು ಗೋಡೆಯ ಮೇಲಿನ ಕಲೆ ನೋಡಿ ಅಳೆಯಬಹುದು. ಬಾರದ ಪ್ರವಾಹವನ್ನು ಅಳೆಯುವ ಮಾಪಕ ಯಾರ ಬಳಿಯೂ ಇಲ್ಲ. ಅದು ಪಾಜಿಲನ ಬಾಯಲ್ಲಿ ದಿನದಿಂದ ದಿನಕ್ಕೆ ಇಳಿಯುತ್ತ ಬಂತು. ಸೆಪ್ಟೆಂಬರಿನ ಹೊತ್ತಿಗೆ ಅದು ಪಾದ ತೊಯ್ಯುವಷ್ಟೂ ಉಳಿದಿರಲಿಲ್ಲ. ಆದರೆ ಎರ್ಗೆಶನ ಎದೆಗೆ ನಾಟಿದ್ದು ಅವನ ಇನ್ನೊಂದು ಮಾತು. ಪಾಜಿಲ್ ಅದನ್ನು ಚಹಾದಂಗಡಿಯಲ್ಲಿ ಹೆಮ್ಮೆಯಿಂದ ಹೇಳಿಕೊಂಡಿದ್ದನಂತೆ: "ನಾನು ಅವತ್ತು ಬೀಗ ಬೀಗ ಅಂತ ಚುಚ್ಚಿದ್ದಕ್ಕೇ ನೀರುಗಂಟಿ ನೆಟ್ಟಗಾದ. ಇಲ್ದಿದ್ರೆ ಚಕ್ರ ಮುಟ್ತಾನೂ ಇರ್ಲಿಲ್ಲ." ಕಲ್ಮುರಾತ್ ಆಗ ಪಕ್ಕದ ಮಂಚದಲ್ಲೇ ಇದ್ದನಂತೆ. ನಕ್ಕು, ತನ್ನ ಚಹಾ ಮುಗಿಸದೆ ಎದ್ದು ಹೋದನಂತೆ.

ಮರುದಿನ ಎರ್ಗೆಶ್ ತೋಟಕ್ಕೆ ಹೋದಾಗ ಕಲ್ಮುರಾತ್ ಒಂದು ಜರ್ದಾಳು ಮರದ ಬುಡ ಬಿಡಿಸುತ್ತಿದ್ದ. ಅವನ ಅಪ್ಪ ನೆಟ್ಟ ಮರಗಳು. ಕೆಸರು ಸೊಂಟದೆತ್ತರ ತುಂಬಿ ಗಟ್ಟಿಯಾದದ್ದರಿಂದ ಬೇರಿಗೆ ಉಸಿರಾಡಲಾಗದೆ ಒಂದೊಂದಾಗಿ ಒಣಗುತ್ತಿದ್ದವು. ಮನೆ ಕಟ್ಟಿಕೊಟ್ಟವರು ಮರ ಕೊಡಲು ಬರುವುದಿಲ್ಲ. ಹೊಸ ಗಿಡ ನೆಟ್ಟರೆ ಅದರ ಹಣ್ಣು ತಿನ್ನುವುದು ಮೊಮ್ಮಕ್ಕಳು.

ಎರ್ಗೆಶ್ ಇನ್ನೊಂದು ಗುದ್ದಲಿ ತೆಗೆದುಕೊಂಡು ಎದುರು ನಿಂತ. ಇಬ್ಬರೂ ಬುಡದ ಸುತ್ತ ಅಗೆದರು.

"ಒಂದು ಪ್ರಶ್ನೆ ಇದೆ" ಎಂದ ಕಲ್ಮುರಾತ್, ಗುದ್ದಲಿ ನಿಲ್ಲಿಸದೆ. "ನನ್ನ ಹುಡುಗ್ರಿಗೆ ಕೇಳೋಣ ಅಂತ ಇದ್ದೆ. ಮೊದ್ಲು ನಿನ್ನ ಮೇಲೆ ನೋಡ್ತೀನಿ."

"ಕೇಳು."

"ಅದೇ ತೂಬು, ಅದೇ ಹೊಳೆ. ಹಲಗೆ ಬಲಕ್ಕೇ ತೆರೆದಿದೆ. ಆದ್ರೆ ಬಲಕ್ಕೆ ಇರೋದು ಪಾಜಿಲನ ಮನೆ ಒಂದೇ. ಎಡಕ್ಕೆ, ನನ್ನ ಮನೆ ಸೇರಿ, ಐದು. ನೀನು ಏನೂ ಮಾಡೋದು ಬೇಡ, ಸುಮ್ನೆ ನಿಂತಿದ್ರೆ ಸಾಕು, ಐದು ಉಳಿಯತ್ತೆ. ಸುಮ್ನೆ ನಿಲ್ತಿದ್ಯಾ?"

ಸುಲಭದ ಪ್ರಶ್ನೆ. ಹೌದು ಎಂದರೆ ಮುಗಿಯಿತು. ಎರ್ಗೆಶ್ ಬಾಯಿ ತೆರೆದ. ಕವಲು, ನಡುಗುವ ನೆಲ, ನೀಲಿ ಗೇಟು ಎಲ್ಲ ಮತ್ತೆ ಕಣ್ಣ ಮುಂದೆ ಬಂದವು. ಪಾಜಿಲನ ಒಂಟಿ ಮನೆ ಕೆಸರಲ್ಲಿ ಮುಳುಗುವಾಗ, ಬೀಗರ ಕಡೆ ಒಣಗಿ ನಿಂತಿರುವಾಗ, ತಾನು ಚಕ್ರ ಮುಟ್ಟದೆ ನಿಂತಿರುವುದನ್ನು ಊಹಿಸಲು ನೋಡಿದ. ಊಹೆಯಲ್ಲೂ ಕೈ ಚಕ್ರದ ಕಡೆಗೇ ಹೋಗುತ್ತಿತ್ತು. ಸುಳ್ಳು ಹೇಳಬಹುದಿತ್ತು. ಆದರೆ ಅಷ್ಟು ಹೊತ್ತಾದ ಮೇಲೆ ಸುಳ್ಳಿಗೂ ಬೆಲೆಯಿರಲಿಲ್ಲ.

"ಇಲ್ಲ ಅನ್ಸತ್ತೆ" ಎಂದ ಕೊನೆಗೆ. "ತಿರುಗಿಸಿಬಿಡ್ತಿದ್ದೆ."

ಕಲ್ಮುರಾತ್ ಗುದ್ದಲಿಯ ಕಾವಿಗೆ ಗಲ್ಲ ಊರಿ ನಿಂತ. ಮುಖದಲ್ಲಿ ಸಿಟ್ಟಿರಲಿಲ್ಲ. ಒಳ್ಳೆಯ ಹುಡುಗನೊಬ್ಬ ತಪ್ಪು ಉತ್ತರ ಕೊಟ್ಟಾಗ ಮೇಷ್ಟರಿಗೆ ಆಗುವ ಬೇಸರದಂಥದ್ದು ಇತ್ತು.

"ನನ್ನ ಮನೆ, ತೋಟ ಆ ಐದು ಮನೆ ಮಕ್ಕಳಿಗೋಸ್ಕರ ಹೋಯ್ತು ಅಂತ ಅಂದ್ಕೊಂಡಿದ್ದೆ ಕಣೋ. ಉಲ್ಕಾನ್ ರಾತ್ರಿ ಬೆಚ್ಚಿ ಎದ್ದಾಗೆಲ್ಲ ಅದನ್ನೇ ಹೇಳಿ ಸಮಾಧಾನ ಮಾಡ್ತಿದ್ದೆ. ನಿನ್ನ ಹೆಸರು ಉಳಿಸ್ಕೊಳ್ಳೋಕೆ ಅಂತ ಗೊತ್ತಿರ್ಲಿಲ್ಲ." ಒಣಗಿದ ಕೊಂಬೆಯೊಂದನ್ನು ಮುರಿದು ಪಕ್ಕಕ್ಕೆಸೆದ. "ಹೆಸರೇ ಬೇಕು ಅಂತ ಮೊದ್ಲೇ ಕೇಳಿದ್ರೆ, ಮರ ಕೊಡ್ತಿದ್ನೋ ಏನೋ. ಆದ್ರೆ ಉಲ್ಕಾನ್ ಸೂರಿನ ಮೇಲಿದ್ಲಲ್ಲೋ."

"ಸಂತೆಗೆ ಹೋಗಿದಾಳೆ ಅಂತ—" ಎಂದು ಶುರುಮಾಡಿದ ಎರ್ಗೆಶ್, ಮಾತನ್ನು ಅಲ್ಲಿಗೇ ಬಿಟ್ಟ.

"ಸಾಕು ಬಿಡು. ಈ ಮರ ಇನ್ನು ಬದುಕಲ್ಲ."

ಅಕ್ಟೋಬರಿನಲ್ಲಿ ಹೊಸ ಮನೆಯ ಊಟಕ್ಕೆ ಊರನ್ನೆಲ್ಲ ಕರೆದರು. ಎರ್ಗೆಶನ ಮನೆಗೆ ಕರೆಯಲು ಕಲ್ಮುರಾತ್ ದಂಪತಿ ತಾವೇ ಬಂದರು, ಮಗಳ ಯೋಗಕ್ಷೇಮ ವಿಚಾರಿಸಿದರು, ಅನಾರ್ಕಾನ್‌ಗೆ ಒಂದು ರೇಷ್ಮೆಯ ತಲೆವಸ್ತ್ರ ಕೊಟ್ಟರು. ಅವಳಿಗೆ ಸಂತೋಷವಾಯಿತು. ಎರ್ಗೆಶ್ ಹೊತ್ತಿಗೆ ಮೊದಲೇ ಹೊರಟ. ನಲವತ್ತು ವರ್ಷಗಳಿಂದ ಆ ಮನೆಯ ಯಾವ ಊಟದಲ್ಲೂ ಅವನು ನೆಂಟನಾಗಿ ಕೂತವನಲ್ಲ. ಚಹಾಕ್ಕೆ ನೀರು ಕಾಯಿಸುವ ಸಮೋವಾರಿಗೆ ಸೌದೆ ತುರುಕುವವನು, ಬಾಗಿಲ ಪಕ್ಕ ಕೂತು ಬಟ್ಟಲಿಂದ ಬಟ್ಟಲಿಗೆ ಚಹಾ ಬಗ್ಗಿಸುವವನು, ತಡವಾಗಿ ಬಂದವರನ್ನು ಗದರಿಸುವವನು ಅವನೇ.

ಅಂಗಳಕ್ಕೆ ಕಾಲಿಟ್ಟು ತೋಳು ಮಡಚುತ್ತಿದ್ದಂತೆ ಕಲ್ಮುರಾತ್ ಎದುರಾಗಿ ಬಂದು ಎರಡೂ ಕೈಯಿಂದ ಅವನ ಕೈ ಹಿಡಿದುಕೊಂಡ.

"ಬನ್ನಿ ಬೀಗರೇ, ಬನ್ನಿ. ಇಲ್ಲೇ ನಿಂತ್ರಲ್ಲ, ಒಳಗೆ ನಡೀರಿ."

"ಸೌದೆ ಎಲ್ಲಿಟ್ಟಿದೀಯ?"

"ಅದಕ್ಕೆ ಜನ ಇದಾರೆ. ನೀವು ದಣಿಬಾರ್ದು."

ಮೊಣಕೈ ಹಿಡಿದು ಮೆಲ್ಲಗೆ ಒಳಗೆ ಕರೆದುಕೊಂಡು ಹೋಗಿ, ಬಾಗಿಲಿಗೆ ಎದುರಾದ ಗೋಡೆಯ ಬಳಿ, ದೂರದ ಹಿರಿಯ ಅತಿಥಿಗಳನ್ನು ಕೂರಿಸುವ ಮೇಲಿನ ಜಾಗದಲ್ಲಿ ಎರಡು ಹೊಸ ಹಾಸು ಹಾಕಿಸಿ ಕೂರಿಸಿದ. ಬೆನ್ನಿಗೆ ದಿಂಬು ಕೊಟ್ಟ. ಪಕ್ಕದಲ್ಲಿ ಮಸೀದಿಯ ಮುಲ್ಲಾ, ಇನ್ನೊಂದು ಪಕ್ಕದಲ್ಲಿ ಜಿಲ್ಲೆಯಿಂದ ಬಂದ ಅಧಿಕಾರಿ. ಊಟ ಬಂದಾಗ ಬೇಯಿಸಿದ ಕುರಿಯ ತಲೆಯನ್ನು ತಟ್ಟೆಯಲ್ಲಿಟ್ಟು, ಮೂತಿ ಅವನ ಕಡೆಗೆ ಮಾಡಿ, ಕಲ್ಮುರಾತ್ ತಾನೇ ಅವನ ಮುಂದೆ ಇರಿಸಿದ. ಅದಕ್ಕಿಂತ ದೊಡ್ಡ ಮರ್ಯಾದೆ ನಮ್ಮಲ್ಲಿಲ್ಲ. ಕೋಣೆಯ ಆ ತುದಿಯಲ್ಲಿ ಹೆಂಗಸರ ಸಾಲಿನಲ್ಲಿದ್ದ ಅನಾರ್ಕಾನ್ ಹೊಸ ತಲೆವಸ್ತ್ರ ಸರಿಪಡಿಸಿಕೊಂಡು ಅಕ್ಕಪಕ್ಕದವರನ್ನು ನೋಡಿದಳು. ಪಾಜಿಲ್ ಕೆಳಗಿನ ಸಾಲಿನಿಂದಲೇ, "ಬೀಗರು ಅಂದ್ರೆ ಹಿಂಗಿರ್ಬೇಕು ನೋಡ್ರಪ್ಪ" ಎಂದ. ಈ ಸಲ ಅದರಲ್ಲಿ ಚುಚ್ಚು ಇರಲಿಲ್ಲ.

ಎರ್ಗೆಶ್ ಚಾಕು ತೆಗೆದುಕೊಂಡ. ಪದ್ಧತಿಯಂತೆ ಕಿವಿ ಕೊಯ್ದು ಮಕ್ಕಳಿಗೆ ಕಳಿಸಿದ, ಕೆನ್ನೆಯ ಮಾಂಸ ಬಿಡಿಸಿ ಮುಲ್ಲಾನಿಗೆ ಕೊಟ್ಟ. ಬಾಗಿಲ ಬಳಿ ಸಮೋವಾರಿನ ಪಕ್ಕ ಕಲ್ಮುರಾತನ ಶಾಲೆಯ ಯಾರೋ ಮೇಷ್ಟರು ಕೂತು ಚಹಾ ಬಗ್ಗಿಸುತ್ತಿದ್ದರು. ಅಭ್ಯಾಸವಿಲ್ಲದ ಕೈ, ಬಟ್ಟಲು ತುಂಬ ತುಂಬಿಸುತ್ತಿದ್ದರು, ತುಳುಕುತ್ತಿತ್ತು. ನಮ್ಮಲ್ಲಿ ಬೇಕಾದವರಿಗೆ ಅರ್ಧರ್ಧ ಬಟ್ಟಲು ಮತ್ತೆ ಮತ್ತೆ ಬಗ್ಗಿಸುತ್ತಾರೆ; ತುಂಬಿ ಕೊಟ್ಟರೆ ಕುಡಿದು ಹೊರಡಿ ಎಂದಂತೆ. ಕಲ್ಮುರಾತ್ ಅವರ ಭುಜದ ಮೇಲೆ ಕೈಯಿಟ್ಟು ಏನೋ ಹೇಳಿ ನಗುತ್ತಿದ್ದ.

ಎರ್ಗೆಶ್ ಚಾಕು ಕೆಳಗಿಟ್ಟು ಮಂಡಿಯ ಮೇಲೆ ಏಳಲು ನೋಡಿದ. "ನಾನು ಹೋಗಿ ಬಗ್ಗಿಸ್ತೀನಿ, ಅವರು ಚೆಲ್ತಿದಾರೆ."

ಕಲ್ಮುರಾತ್ ಅಲ್ಲಿಂದಲೇ ಎದೆಯ ಮೇಲೆ ಕೈಯಿಟ್ಟು, ತಲೆ ಬಾಗಿಸಿ, ಎಲ್ಲರಿಗೂ ಕೇಳುವಂತೆ ಹೇಳಿದ: "ಉಂಟೇ ಬೀಗರೇ. ನೀವು ನಮ್ಮ ಅತಿಥಿಗಳು. ಕೂತ್ಕೊಳ್ಳಿ."

ಎರ್ಗೆಶ್ ಕೂತ. ಯಾರೋ ಅವನ ಬಟ್ಟಲಿಗೆ ಅಂಚಿನವರೆಗೆ ಚಹಾ ತುಂಬಿಸಿದರು.